ಬೀಗತಿಯ ಮನೆಯಲ್ಲಿಟ್ಟ ಗಂಟು

ನಾನು ಹಡಗು ಹತ್ತಿ ಬಂದೆ! ಮೂರು ದಿನ ಸಮುದ್ರದ ಮೇಲಿದ್ದೆ. ಇದನ್ನು ಮೊದಲು ಹೇಳದಿದ್ದರೆ ನನಗೆ ತಡೆಯುವುದಿಲ್ಲ. ನಾಲ್ಕನೇ ಕ್ಲಾಸನ್ನೂ ಮುಗಿಸದವಳು ನಾನು. ಜಗಳೂರು ಕಡೆಯವಳು. ಸೂಳೆಕೆರೆಗಿಂತ ದೊಡ್ಡ ನೀರನ್ನು ಕಂಡವಳೇ ಅಲ್ಲ. ಅಂಥವಳು ಹಡಗಿನ ಅಂಚಿನಲ್ಲಿ ನಿಂತು ಎಲೆ ಅಡಿಕೆ ಹಾಕಿಕೊಂಡೆ. ಉಗುಳಲಿಲ್ಲ, ನುಂಗಿದೆ. ಮೊಮ್ಮಗಳು ಕಣ್ಣಲ್ಲೇ ಹೆದರಿಸಿದ್ದಳು.

ಆ ಮೊಮ್ಮಗಳು ನನ್ನ ಮಗನ ಮಗಳು. ಹಡಗಿನ ಅಡುಗೆಮನೆಯಲ್ಲಿ ಬ್ರೆಡ್ಡು ಬೇಯಿಸುವ ಕೆಲಸ ಅವಳದು. ವರ್ಷಕ್ಕೊಮ್ಮೆ ಮನೆಯವರಲ್ಲಿ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬಹುದಂತೆ. ಒಬ್ಬರನ್ನು ಮಾತ್ರ. ಅವಳಿಗೆ ಅಜ್ಜಿಯರು ಇಬ್ಬರು: ಒಬ್ಬಳು ನಾನು, ಇನ್ನೊಬ್ಬರು ಹೊನ್ನಾಳಿಯ ನನ್ನ ಬೀಗತಿ, ಸೊಸೆಯ ತಾಯಿ. ಮೊಮ್ಮಗಳು ನನ್ನನ್ನೇ ಆರಿಸಿದಳು. ಆ ಹೊತ್ತಿನಿಂದ ಹಿಗ್ಗು ಎಷ್ಟಿತ್ತೋ ಅನುಮಾನವೂ ಅಷ್ಟೇ ಇತ್ತು. ಬೀಗತಿ ಫೋನ್ ಮಾಡಿ, "ಹೋಗಿ ಬರ್ರಿ ಬೀಗ್ರೆ, ಮೀನು ಎಳಕೊಂಡು ಹೋಗದಂಗೆ ನೋಡ್ಕಳ್ರಿ" ಎಂದು ನಕ್ಕರು. ಯಾಕೆ ನಕ್ಕರು? ಬಿಟ್ಟುಕೊಟ್ಟವರು ಹಾಗೆ ನಗುತ್ತಾರೆಯೇ?

ಹೊರಡುವ ದಿನ ಮಂಗಳವಾರ ಬಂತು. ನಮ್ಮಲ್ಲಿ ಮಂಗಳವಾರ ಯಾರೂ ಊರು ಬಿಡುವುದಿಲ್ಲ. ಅದಕ್ಕೆ ಉಪಾಯವೂ ಉಂಟು. ಹಿಂದಿನ ಒಳ್ಳೆಯ ದಿನವೇ ಒಂದು ಗಂಟು ಕಟ್ಟಿ, ನಾವು ಹೋಗುವ ದಾರಿಯ ಯಾವುದಾದರೂ ಮನೆಯಲ್ಲಿ ಇಡಿಸಿಬಿಟ್ಟರೆ ಪಯಣ ಆಗಲೇ ಹೊರಟಂತೆ. ಆಮೇಲೆ ನಾವು ಯಾವಾಗ ಹೋದರೂ ನಡೆಯುತ್ತದೆ. ನಾನೇ ಕೂತು ಕಟ್ಟಿದೆ. ಹಿಡಿ ಅಕ್ಕಿ, ಅರಿಶಿನದ ಕೊಂಬು, ಎರಡು ಅಡಿಕೆ, ಒಂದು ಕುಪ್ಪಸ. ಸೋಮವಾರ ಸೊಸೆ ಅದನ್ನು ಹಿಡಿದುಕೊಂಡು ಮುಂದಾಗಿ ತವರಿಗೆ ಹೋದಳು. ಬೀಗತಿಯ ಮನೆಗೆ! ದಾರಿಯಲ್ಲಿ ಇದ್ದದ್ದು ಅದೊಂದೇ ಮನೆ, ಏನು ಮಾಡಲಿ? ತಾಯಿ ಮಗಳು ಇಬ್ಬರೇ, ನಡುವೆ ನನ್ನ ಗಂಟು. ರಾತ್ರಿಯೆಲ್ಲ ಅದೇ ಯೋಚನೆ.

ಮಂಗಳವಾರ ಮಗ ಕಾರು ತೆಗೆದ. ಹಿಂದಿನ ಸೀಟಿನಲ್ಲಿ ನಾನು, ಮೊಮ್ಮಗಳು. ಆ ರಾತ್ರಿ ಹೊನ್ನಾಳಿಯಲ್ಲಿ ಉಳಿದು, ಬೆಳಿಗ್ಗೆ ಕೊಚ್ಚಿಯ ದಾರಿ ಹಿಡಿಯುವುದೆಂದು ತೀರ್ಮಾನವಾಗಿತ್ತು. ದಾವಣಗೆರೆಯಲ್ಲಿ ದೋಸೆ ತಿನ್ನುವಾಗ ಮೊಮ್ಮಗಳು ಕೈ ಚಾಚಿದಳು.

"ಅಜ್ಜಿ, ಆಧಾರ್ ಕಾರ್ಡ್ ಕೊಡು. ನನ್ನ ಹತ್ರನೇ ಇರ್ಲಿ. ಹಡಗು ಹತ್ತುವಾಗ ಅಸಲಿನೇ ತೋರಿಸ್ಬೇಕು, ಇಲ್ಲಾಂದ್ರೆ ಗೇಟಿಂದನೇ ವಾಪಸ್."

ಎಲೆ ಅಡಿಕೆ ಚೀಲ ತೆಗೆದೆ. ಇಲ್ಲ. ಬಟ್ಟೆಯ ಬ್ಯಾಗು ಸುರುವಿದೆ. ಇಲ್ಲ.

"ಭಾನುವಾರ ನಿನ್ನ ಹೆಂಡ್ತಿ ಜೆರಾಕ್ಸ್ ಮಾಡ್ಸಾಕೆ ಇಸ್ಕೊಂಡಿದ್ಲು" ಎಂದೆ ಮಗನಿಗೆ.

"ವಾಪಸ್ ಕೊಟ್ಲಲ್ಲವ್ವ. ನಾನೇ ನೋಡೀನಿ."

"ಕೊಟ್ಟಂಗೆ ಮಾಡಿರ್ತಾಳೆ."

"ಕೊಟ್ಟಂಗೆ ಹೆಂಗವ್ವ ಮಾಡ್ತಾರೆ? ಕಾರ್ಡ್ ಏನು ಜಾದೂನಾ?"

ನನ್ನ ಲೆಕ್ಕ ನನಗೆ ಸ್ಪಷ್ಟವಾಗಿತ್ತು. ಕಾರ್ಡಿಲ್ಲದ ಅಜ್ಜಿ ಗೇಟಿನಲ್ಲಿ ಉಳಿಯುತ್ತಾಳೆ, ಕಾರ್ಡಿರುವ ಅಜ್ಜಿ ಹತ್ತುತ್ತಾಳೆ. ಇರಲಿ, ಬೀಗತಿ ಬ್ಯಾಗು ಕಟ್ಟಿ ಕೂತಿದ್ದಾರೋ ಏನೋ ಕಣ್ಣಾರೆ ನೋಡಿಯೇಬಿಡೋಣ ಎಂದುಕೊಂಡೆ. ಮಲೆಬೆನ್ನೂರು ದಾಟಿದ್ದೂ ನನಗೆ ಗೊತ್ತಾಗಲಿಲ್ಲ.

ಹೊನ್ನಾಳಿ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಬೀಗತಿ ಹೊಸ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. ಹೊಸ ಸೀರೆ! ಚನ್ನಗಿರಿಯಿಂದ ನನ್ನ ಮಗಳು ಅಳಿಯ, ನ್ಯಾಮತಿಯಿಂದ ಸೊಸೆಯ ತಂಗಿ, ಎಲ್ಲರೂ ಬಂದಿದ್ದರು. ನಾನು ಕಾಲಿಗೂ ನೀರು ಹಾಕಿಕೊಳ್ಳದೆ ಸೊಸೆಯನ್ನು ಕೇಳಿದೆ.

"ನನ್ನ ಕಾರ್ಡ್ ಎಲ್ಲೈತೆ?"

"ನಿಮ್ಮ ಕೈಗೇ ಕೊಟ್ಟೆನಲ್ರೀ ಅತ್ತೆ. ನೀವು ಗಂಟು ಕಟ್ಟಾಕೆ ಕೂತಿದ್ರಿ."

ಗಂಟು! ಆಗ ನೆನಪಾಯಿತು. ಯಾವುದಿಲ್ಲದೆ ಹೋಗಲಿಕ್ಕಾಗುವುದಿಲ್ಲವೋ ಅದನ್ನು ಗಂಟಿಗೆ ಹಾಕಬೇಕು ಎಂದು ನನ್ನ ಅತ್ತೆ ಹೇಳುತ್ತಿದ್ದರು. ಹಾಕಿದೆನೋ? ಹಾಕಿದಂತೆಯೂ ಇತ್ತು, ಹಾಕದಂತೆಯೂ ಇತ್ತು. ಗಂಟು ದೇವರ ಮನೆಯ ಗೂಟಕ್ಕೆ ತೂಗುತ್ತಿತ್ತು. ಕೈ ಹಾಕಹೋದರೆ ಬೀಗತಿ ಅಡ್ಡ ನಿಂತರು.

"ಇಲ್ಲಿ ಬಿಚ್ಚಬ್ಯಾಡ್ರಿ. ಗಂಟು ಇಟ್ಟ ಮನ್ಯಾಗೆ ಬಿಚ್ಚಿದ್ರೆ ಪಯಣ ಮುರೀತೈತೆ. ನಾಳೆ ಹೊಸ್ತಿಲು ದಾಟಿದ ಮೇಲೆ."

"ನಾಳೆ? ಒಳಗೆ ಕಾರ್ಡ್ ಇಲ್ಲಾಂದ್ರೆ?"

"ಇಲ್ಲಾಂದ್ರೆ ನಾನು ತಿಂದಿರ್ತೀನಿ ಬಿಡ್ರಿ!"

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಅವರಿಗೂ ಅದು ಗೊತ್ತಾಯಿತು. ನಗು ನಿಲ್ಲಿಸಿ, ತಾವೇ ಗಂಟನ್ನು ಇಳಿಸಿ, ಎದೆಗೆ ಒತ್ತಿಕೊಂಡು ಹೊರಗೆ ನಡೆದರು. "ಬರ್ರಿ. ಇವತ್ತೇ ದಾಟಿಸಿಬಿಡಾಣ" ಎಂದರು. ಹೊಸ್ತಿಲು ದಾಟಿ, ಬೀದಿ ದಾಟಿ, ಎದುರು ಮನೆಯ ಕಟ್ಟೆಯ ಮೇಲೆ ಇಟ್ಟರು.

ನಾನು ಮೊದಲು ನೋಡಿದ್ದು ಕಟ್ಟನ್ನು. ಹಳೇ ಸೀರೆಯ ಅಂಚಿನಿಂದ ಎಡಗೈ ಸುತ್ತು ಹಾಕಿ ಕಟ್ಟುವುದು ನಮ್ಮ ಮನೆಯಲ್ಲಿ ನಾನೊಬ್ಬಳೇ. ಅದು ನನ್ನದೇ ಕಟ್ಟು. ಯಾರೂ ಮುಟ್ಟಿರಲಿಲ್ಲ. ಬದಲಿಗೆ ಮೇಲೆ ಕುಂಕುಮದ ಬೊಟ್ಟಿತ್ತು, ಹೂವೊಂದನ್ನು ಸಿಕ್ಕಿಸಿದ್ದರು, ಅದು ಬಾಡಿತ್ತು. ನಿನ್ನೆಯಿಂದ ಅದಕ್ಕೆ ಪೂಜೆ ಮಾಡಿದ್ದಾರೆ.

ಬಿಚ್ಚಿದೆ. ಅಕ್ಕಿಯೊಳಗೆ, ಅರಿಶಿನದ ಕೊಂಬಿಗೆ ಆತುಕೊಂಡು ನನ್ನ ಕಾರ್ಡು ಮಲಗಿತ್ತು. ಫೋಟೋದಲ್ಲಿದ್ದ ನನ್ನ ಮುಖಕ್ಕೆಲ್ಲ ಅರಿಶಿನ.

"ನೋಡ್ರಿ, ಮದುವಣಗಿತ್ತಿ ಹಂಗೆ ಕಾಣ್ತೀರಿ" ಎಂದರು ಬೀಗತಿ. ಮೊಮ್ಮಗಳು ಕಾರ್ಡನ್ನು ಒರೆಸಿ ತನ್ನ ಪರ್ಸಿಗೆ ಹಾಕಿ ಜಿಪ್ ಎಳೆದಳು. ನಾನು ಚೆಲ್ಲಿದ ಅಕ್ಕಿಯನ್ನು ಒಂದೊಂದೇ ಕಾಳು ಆರಿಸುತ್ತ ಕೂತೆ. ತಲೆ ಎತ್ತಲು ಮನಸ್ಸಾಗಲಿಲ್ಲ.

ಹೊಸ ಸೀರೆ ನಮ್ಮನ್ನು ಎದುರುಗೊಳ್ಳಲು ಉಟ್ಟದ್ದಂತೆ. ಒಳಗೆ ಬಂದ ಮೇಲೆ ಅವರು ನನ್ನ ಕೈಗೆ ತೊಳೆದ ಖಾಲಿ ಬಾಟಲಿಯೊಂದನ್ನು ಕೊಟ್ಟರು. "ಇದ್ರಾಗೆ ಸಮುದ್ರದ ನೀರು ತಂದುಕೊಡ್ರಿ. ಉಪ್ಪು ಹೌದಾ ಅಲ್ಲಾ ನಾನೂ ನೋಡ್ತೀನಿ."

"ಮುಂದಿನ ವರ್ಷ ನೀವೇ ಹೋಗಿ ನೋಡ್ರಿ" ಎಂದೆ. ಬಾಯಿಂದ ಬಂದುಬಿಟ್ಟಿತು. ಬಂದ ಮೇಲೆ ನಿಜವೂ ಅನ್ನಿಸಿತು. ಮೊಮ್ಮಗಳು, "ಅಜ್ಜಿ, ಎಲ್ಲರ ಮುಂದೆ ಹೇಳಿದೀಯ ಮತ್ತೆ" ಎಂದು ಬೆರಳು ತೋರಿಸಿದಳು.

ಸಂಜೆ ನಡುಮನೆಯಲ್ಲಿ ಎಲ್ಲರೂ ಒಂದೇ ಸಾಲಿಗೆ ಕೂತೆವು. ಹೋಳಿಗೆ, ಬದನೆಕಾಯಿ ಪಲ್ಯ, ಅನ್ನ, ಹೋಳಿಗೆ ಸಾರು. ಬೀಗತಿ ಬಡಿಸುತ್ತ ಬಂದು ನನ್ನ ಹೋಳಿಗೆಯ ಮೇಲೆ ಮಾತ್ರ ತುಪ್ಪ ಸುರಿದರು. ಸುರಿಯುತ್ತಲೇ ಇದ್ದರು.

"ನನಗೊಬ್ಬಳಿಗೇ ಇಷ್ಟು ಯಾಕ್ರೀ?" ಎಂದೆ.

"ಹೊಟ್ಟೆ ಕೆಡ್ಲಿ ಅಂತ. ನೀವು ಮಲಗಿದ್ರೆ ನಾಳೆ ನಾನೇ ಹೋಗಬೌದಲ್ಲ!"

ಈ ಸಲ ನಾನೂ ನಕ್ಕೆ. ಅವರ ಕೈ ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡೆ. ಹೋಳಿಗೆ ಮುರಿದು, ತುಪ್ಪದಲ್ಲಿ ಅದ್ದಿ, ಮೊದಲ ತುತ್ತನ್ನು ಅವರ ಬಾಯಿಗೆ ಇಟ್ಟೆ. ಅವರು ನುಂಗುವವರೆಗೂ ನೋಡಿ, ಆಮೇಲೆ ನಾನು ತಿಂದೆ.