ಬಾವಿಯ ಬೆಗರ್

ಅಷ್ಟಮಿಗೆ ಮೂಡೆ ಕಡುಬು ಬೇಯಿಸಿದ ಪಾತ್ರೆಯ ಮುಚ್ಚಳ ತೆಗೆದೆ. ಒಳಗೆ ಕಟ್ಟಿದ್ದ ನೀರು ಮುಂಗೈ ಮೇಲೆ ಬಿತ್ತು. ಕೈ ಅಷ್ಟೇನೂ ಸುಡಲಿಲ್ಲ, ಆದರೆ ಹಳೆಯದೊಂದು ಬಾವಿ ನೆನಪಾಯಿತು...

ಸಿದ್ಧಕಟ್ಟೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬರಿದ್ದರು. ಅಣ್ಣ ಎಂದೇ ಕರೆಯುತ್ತಿದ್ದೆ. ಅರವತ್ತರ ದಶಕದ ಕೊನೆಗೆ ಕೊಲ್ಲಿಯ ಒಂದು ಗ್ಯಾಸ್ ಬಾವಿಯಲ್ಲಿ ಮೇಲ್ವಿಚಾರಕರಾಗಿದ್ದರು. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು ಕರೆದೊಯ್ದು ಲೆಕ್ಕ ಹಾಕುವ ಕೆಲಸಕ್ಕೆ ಸೇರಿಸಿದರು. ಆ ಮರಳಿನಲ್ಲಿ ತುಳು ಮಾತಾಡಲು ನನಗಿದ್ದದ್ದು ಅವರೊಬ್ಬರೇ.

ಬಾವಿಯ ಒತ್ತಡ ಹೇಗೆ ಇಳಿಯುತ್ತದೆ, ಇಳಿದರೆ ಗ್ಯಾಸ್ ಎಷ್ಟು ಕಡಿಮೆಯಾಗುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ಗೆರೆ ಎಳೆದು ತೋರಿಸುವುದು ನನ್ನ ಕೆಲಸ. ವಾಲ್ವ್ ಪೂರ್ತಿ ತೆರೆದರೆ ಆ ಗೆರೆ ಒಮ್ಮೆಲೇ ಕುಸಿಯುವುದು ನೋಡಿ ನನಗೇ ಹೆದರಿಕೆಯಾಯಿತು. ಅಣ್ಣನಿಗೆ ಅಡುಗೆಮನೆಯ ಲೆಕ್ಕದಲ್ಲೇ ಹೇಳಿದೆ:

"ಮೂಡೆಯ ಮುಚ್ಚಳ ಬೆವರುವುದಿಲ್ವಾ ಅಣ್ಣ, ಹಾಗೆ ಈ ಬಾವಿಗೂ ಬೆಗರ್ ಬರ್ತದೆ. ಮುಚ್ಚಳದಲ್ಲಿ ತಂಪಿಗೆ, ಇಲ್ಲಿ ಒತ್ತಡ ಇಳಿದದ್ದಕ್ಕೆ. ಜಾಸ್ತಿ ತೆರೆದ್ರೆ ಗ್ಯಾಸೇ ಎಣ್ಣೆಯಾಗಿ ಬುಡದಲ್ಲಿ ನಿಲ್ತದೆ. ಮತ್ತೆ ಗ್ಯಾಸಿಗೆ ಬರ್ಲಿಕ್ಕೆ ದಾರಿ ಇಲ್ಲ."

"ನೆಲದಡಿಯಲ್ಲಿ ಎಂತ ಬೆಗರ್ ಮಾರಾಯ!" ಎಂದು ನಕ್ಕರು. ಕಂಪೆನಿಯ ದೊರೆಗಳಿಗೆ ಹೆಚ್ಚು ಗ್ಯಾಸ್ ಬೇಕಿತ್ತು, ಅಣ್ಣನಿಗೆ ದೊಡ್ಡ ಹುದ್ದೆ ಬೇಕಿತ್ತು. ವಾಲ್ವ್ ಪೂರ್ತಿ ತೆರೆಸಿದರು. ಕೆಲವೇ ತಿಂಗಳಲ್ಲಿ ಬಾವಿ ಸೊರಗಿತು.

ದೊರೆ ನಮ್ಮಿಬ್ಬರನ್ನೂ ಕರೆಸಿದ. ತೆರೆಯಬಹುದು ಎಂದು ಲೆಕ್ಕ ಕೊಟ್ಟವನು ಇವನೇ ಎಂದು ಅಣ್ಣ ನನ್ನ ಮುಖ ನೋಡದೆ ಇಂಗ್ಲಿಷಿನಲ್ಲಿ ಹೇಳಿಬಿಟ್ಟರು. ಹೊರಗೆ ಬಂದ ಮೇಲೆ ಹೆಗಲಿಗೆ ಕೈಯಿಟ್ಟು, ತುಳುವಿನಲ್ಲಿ, ಮೆಲ್ಲಗೆ, "ಬೇಜಾರ್ ಮಲ್ಪೊಡ್ಚಿ" ಎಂದರು. ಬೇಸರ ಮಾಡಬೇಡ ಎಂದು! ಸುಳ್ಳು ಹೇಳಲು ಇಂಗ್ಲಿಷ್, ಸಮಾಧಾನಕ್ಕೆ ತುಳು. ಆ ಸುಳ್ಳನ್ನಾದರೂ ಮರೆತೇನು, ಆ ತುಳುವನ್ನು ಮರೆಯಲಾರೆ.

ಕೆಲಸ ಹೋಯಿತು. ಮೂಡುಬಿದಿರೆಯಲ್ಲಿ ಮಕ್ಕಳಿಗೆ ಗಣಿತ ಕಲಿಸಿಕೊಂಡು ಬದುಕಿದೆ. ಅವರು ರಜೆಯಲ್ಲಿ ಬಂದಾಗೊಮ್ಮೆ ಬಂಟ್ವಾಳದ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತರು. ತುಳುವಿನಲ್ಲಿ ಕೇಳಿದ್ದಕ್ಕೆಲ್ಲ ಕನ್ನಡದಲ್ಲೇ ಉತ್ತರ ಕೊಟ್ಟೆ, ಶಾಲೆಯ ಕನ್ನಡದಲ್ಲಿ... ಇಳಿಯುವ ಹೊತ್ತಿಗೆ ಅವರೂ ಕನ್ನಡಕ್ಕೆ ತಿರುಗಿದ್ದರು.

ಕಳೆದ ವಾರ ಅವರು ತೀರಿಕೊಂಡರು. ಹೋಗಿದ್ದೆ. ಅವರ ಮಗ ನನ್ನ ಕೈ ಹಿಡಿದು ಅತ್ತಾಗ ಬಂದವರೆಲ್ಲ ಹೇಳುತ್ತಿದ್ದ ಅದೇ "ಬೇಜಾರ್ ಮಲ್ಪೊಡ್ಚಿ" ನನ್ನ ನಾಲಿಗೆಯ ತುದಿಗೂ ಬಂತು. ಹೊರಗೆ ಬರಲಿಲ್ಲ. "ಸಮಾಧಾನ ಮಾಡಿಕೊಳ್ಳಿ" ಎಂದೆ, ಕನ್ನಡದಲ್ಲಿ.

ಮುಚ್ಚಳ ಒರೆಸಿಟ್ಟೆ. ಹೋದ ಕೆಲಸದ ಬದಲು ಬೇರೆ ಕೆಲಸ ಸಿಕ್ಕಿತು. ದುಃಖದಲ್ಲಿ ಇದ್ದವರಿಗೆ ನನ್ನ ಅಮ್ಮನೂ ಹೇಳುತ್ತಿದ್ದ ಆ ಒಂದು ತುಳು ಮಾತು ಮಾತ್ರ, ಅಣ್ಣನ ಬಾಯಿಂದ ಬಂದ ಮೇಲೆ, ನನಗೆ ಮತ್ತೆ ಸಿಗಲಿಲ್ಲ.