ಗಿಳಿಗೆ ಕುಡಿಸಿದ ಹಾಲು

ಹಾಲಮ್ಮನ ನಿಜವಾದ ಹೆಸರು ಬೀದಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಮೂಲೆಯ ಹಾಲಿನ ಅಂಗಡಿಯಲ್ಲಿ ಕೂತು ಕೂತು ಅದೇ ಹೆಸರಾಗಿಹೋಗಿತ್ತು. ಜ್ವರವಿರಲಿ, ಜಗಳವಿರಲಿ, ಪರೀಕ್ಷೆಯಲ್ಲಿ ಫೇಲಾದದ್ದಿರಲಿ, ಅವಳದ್ದು ಒಂದೇ ಮದ್ದು: "ಬಿಸಿ ಹಾಲು ಕುಡಿ, ಸರಿಹೋಗುತ್ತೆ." ಗಂಡ ಹಾಸಿಗೆ ಹಿಡಿದಾಗಲೂ ಕೊನೆಗೆ ಅವನ ಗಂಟಲಲ್ಲಿ ಇಳಿದದ್ದು ಅವಳು ಚಮಚದಲ್ಲಿ ಕುಡಿಸಿದ ಹಾಲೊಂದೇ.

ಗಂಡ ಹೋದ, ಅವನ ದನಿ ಮಾತ್ರ ಮನೆಯಲ್ಲೇ ಉಳಿಯಿತು. ಒಲೆಯ ಮೇಲೆ ಹಾಲಿಟ್ಟು ಮೈಮರೆಯುವುದು ಅವಳ ಹುಟ್ಟುಗುಣ. "ಲೇ, ಹಾಲುಕ್ತು ನೋಡೇ!" ಎಂದು ದಿನಾ ಬೆಳಿಗ್ಗೆ ಕೂಗುವುದು ಅವನ ಪಾಲಿನ ಕೆಲಸವಾಗಿತ್ತು. ಅಡುಗೆಮನೆಯ ಕಿಟಕಿಯಲ್ಲಿದ್ದ ಪಂಜರದ ಗಿಳಿ ಅದನ್ನು ಅವನದೇ ದನಿಯಲ್ಲಿ, ಹಿಂದೆಯೇ ಬರುವ ಕೆಮ್ಮಿನ ಸಮೇತ ಕಲಿತಿತ್ತು. "ಹೋದ್ರೂ ನನ್ನ ಬೈಯೋದು ಬಿಟ್ಟಿಲ್ಲ ನೋಡು ನಿಮ್ಮಪ್ಪ," ಎಂದು ಮಗಳ ಮುಂದೆ ನಗುತ್ತಿದ್ದಳು. ಆ ಬೈಗುಳ ಕೇಳುವುದಕ್ಕೆಂದೇ ತಾನು ಬೆಳಿಗ್ಗೆ ಏಳುವುದೆಂದು ಮಾತ್ರ ಹೇಳಿರಲಿಲ್ಲ.

ಒಂದು ಚಳಿಗಾಲದಲ್ಲಿ ಗಿಳಿ ಕಾಳು ಮುಟ್ಟದೆ, ಗರಿ ಉಬ್ಬಿಸಿಕೊಂಡು ಮುದುಡಿ ಕೂತಿತು. ಕೂಗು ನಿಂತಿತು. ಹಾಲಮ್ಮನ ಜೀವ ಬಾಯಿಗೆ ಬಂತು. ಗಂಡನಿಗೆ ಕುಡಿಸಿದ ಅದೇ ಚಮಚ ತೆಗೆದು ಬೆಚ್ಚನೆಯ ಹಾಲನ್ನು ಕೊಕ್ಕಿಗೆ ಹಿಡಿದಳು. ಅದು ಕುಡಿಯಿತು. ಅವಳಿಗೆ ಸಮಾಧಾನದಿಂದ ಅಳುವೇ ಬಂತು. ಸಂಜೆಗೆ ಗಿಳಿಗೆ ಭೇದಿ ಶುರುವಾಯಿತು. ಪಾಪ, ನಿತ್ರಾಣವಾಗಿದೆ ಎಂದುಕೊಂಡು ಇನ್ನಷ್ಟು ಕುಡಿಸಿದಳು. ಮರುದಿನ ಕೆನೆಯನ್ನೂ ಸೇರಿಸಿದಳು. ಅದನ್ನು ತಪ್ಪು ಎನ್ನಲು ಯಾರಿಗೆ ತಾನೇ ಬಾಯಿ ಬರುತ್ತದೆ?

ಮಗಳು ಬಲವಂತ ಮಾಡಿ ಪಶುವೈದ್ಯರ ಬಳಿ ಕರೆದೊಯ್ಯುವಷ್ಟರಲ್ಲಿ ಗಿಳಿಗೆ ತಲೆ ಎತ್ತಲೂ ಆಗುತ್ತಿರಲಿಲ್ಲ.

"ಏನು ಕೊಟ್ರಿ ಅಮ್ಮ?"

"ಬರೀ ಹಾಲು, ಡಾಕ್ಟ್ರೇ."

ವೈದ್ಯರು ಅವಳ ಕೈಯಲ್ಲಿದ್ದ ಗಿಳಿಯ ರೆಕ್ಕೆಯನ್ನು ಮೆಲ್ಲಗೆ ಎತ್ತಿ ನೋಡಿದರು. "ಹಕ್ಕಿಗಳು ಹಾಲು ಕುಡಿದು ಬೆಳೆಯೋ ಜಾತಿ ಅಲ್ಲಮ್ಮ. ಹಾಲಿನಲ್ಲಿರೋ ಸಕ್ಕರೆ ಅವಕ್ಕೆ ಅರಗಲ್ಲ. ಚೂರು ಮೊಸರೋ ಚೀಸೋ ಆದ್ರೆ ಹೇಗೋ ತಡ್ಕೊಳ್ತವೆ. ಕಾಯಿಲೆ ಬಿದ್ದಾಗ ಹಾಲು ಕುಡಿಸಿದ್ರೆ ಭೇದಿಯಾಗಿ ಮೈಯಲ್ಲಿರೋ ನೀರೆಲ್ಲ ಹೋಗಿಬಿಡುತ್ತೆ."

"ಹಾಲು ಯಾರಿಗಾದ್ರೂ ಕೆಟ್ಟದ್ದು ಮಾಡುತ್ತಾ?" ಹಾಲಮ್ಮ ಕೇಳಿದಳು. ಅದು ವಾದವಾಗಿರಲಿಲ್ಲ, ಇಲ್ಲ ಎಂದುಬಿಡಿ ಎಂದು ಅಂಗಲಾಚುತ್ತಿದ್ದಳು. ಗಿಳಿ ಅವಳ ಅಂಗೈಯಲ್ಲೇ ಕಣ್ಣು ಮುಚ್ಚಿತು.

ಮರುದಿನ ಬೆಳಿಗ್ಗೆ ಸೀದ ವಾಸನೆಗೆ ಮಗಳು ಎದ್ದು ಬಂದಳು. ಹಾಲು ಉಕ್ಕಿ, ಒಲೆಯ ಮೇಲೆಲ್ಲ ಹರಿದು, ನೆಲಕ್ಕೆ ಇಳಿಯುತ್ತಿತ್ತು. ಹಾಲಮ್ಮ ಪಕ್ಕದಲ್ಲೇ ನಿಂತಿದ್ದಳು. ಈ ಸಲ ಮೈಮರೆತಿರಲಿಲ್ಲ.

"ಅಮ್ಮಾ, ನೋಡ್ತಾನೇ ನಿಂತಿದ್ದೀಯಲ್ಲ!"

"ಕೂಗ್ತಾರೇನೋ ಅಂತ ಕಾದೆ ಕಣೇ," ಎಂದಳು ಹಾಲಮ್ಮ.