ಗುಂಡುಪಿನ್ನಿನ ಫೋಟೋ

ಪಾಸ್‌ಪೋರ್ಟ್ ನವೀಕರಿಸಬೇಕೆಂದು ಮೊನ್ನೆ ಹಳೆಯ ಫೈಲು ಕೊಡವಿದೆ. ಅಂಕಪಟ್ಟಿಗಳ ನಡುವಿನಿಂದ ಒಂದು ಪುಟ್ಟ ಫೋಟೋ ಜಾರಿ ಬಿತ್ತು. ನನ್ನದಲ್ಲ, ರೆಹಾನಾಳದು. ತಲೆಯ ಮೇಲ್ಗಡೆ ಗುಂಡುಪಿನ್ನು ಚುಚ್ಚಿದ ಎರಡು ತೂತು ಇನ್ನೂ ಇವೆ. ಹತ್ತು ವರ್ಷ ಕಳೆದಿದ್ದರೂ ಅದನ್ನು ಕಂಡೊಡನೆ ಹಳೆಯ ಹೊಟ್ಟೆಕಿಚ್ಚು ಮತ್ತೆ ಹೊತ್ತಿಕೊಂಡಿತು ಎಂದರೆ ನೀವು ನಗಬಹುದು.

ಅಪ್ಪನಿಗೆ ವರ್ಗವಾಗಿ ದಾವಣಗೆರೆಯಿಂದ ರಾಮಮೂರ್ತಿ ನಗರದ ಬಾಡಿಗೆ ಮನೆಗೆ ಬಂದ ವರ್ಷ, ನಾನು ಹಲಸೂರಿನ ಕಡೆಯ ಒಂದು ಕಾಲೇಜಿನಲ್ಲಿ ಪದವಿಯ ಎರಡನೇ ವರ್ಷಕ್ಕೆ ಸೇರಿದೆ. ನಡುವೆ ಬಂದವಳಿಗೆ ಫೀಸು ಪೂರ್ತಿ ಇತ್ತು, ವಿದ್ಯಾರ್ಥಿವೇತನ ಮಾತ್ರ ಇರಲಿಲ್ಲ. ಒಂದು ಫಾರಂ, ಹಿಂದಿನ ವರ್ಷವೂ ಇದೇ ಕಾಲೇಜೇ ಎಂದು ಕೇಳುತ್ತಿತ್ತು. ಇನ್ನೊಂದು ಅಪ್ಪನ ಆದಾಯ ಕೇಳುತ್ತಿತ್ತು. ಗುಮಾಸ್ತರಾಗಿದ್ದ ಅಪ್ಪನ ಸಂಬಳ ಎಲ್ಲ ಮಿತಿಗಳಿಗಿಂತ ಒಂದು ಗೇಣು ಮೇಲೆ, ನಮ್ಮ ಖರ್ಚಿಗಿಂತ ಒಂದು ಮೊಳ ಕೆಳಗೆ. "ಈ ವರ್ಷದ್ದು ಹೆಂಗೋ ಕಟ್ಟೀನಿ. ಬರೋ ವರ್ಷದ್ದು ನನ್ ಕೈಲಿ ಆಗಲ್ಲವ್ವ" ಎಂದು ಅವರು ಮೊದಲೇ ಹೇಳಿಬಿಟ್ಟಿದ್ದರು.

ರೆಹಾನಾ ನನ್ನ ಬೆಂಚಿನವಳು. ಅವಳ ಅಬ್ಬಾ ಶಿವಾಜಿನಗರದಲ್ಲಿ ಶಾಲೆಯ ಯೂನಿಫಾರಂ ಹೊಲಿಯುತ್ತಿದ್ದರು. ಅವಳ ಪ್ಲಾಸ್ಟಿಕ್ ಫೈಲಿನಲ್ಲಿ ಪ್ರತಿ ಪ್ರಮಾಣಪತ್ರಕ್ಕೂ ಮೂರು ಮೂರು ಜೆರಾಕ್ಸು, ಅಟೆಸ್ಟ್ ಮಾಡಿಸಿ ಸಿದ್ಧವಾಗಿರುತ್ತಿದ್ದವು. ಫೋಟೋವನ್ನು ಮಾತ್ರ ಅಂಟಿಸುತ್ತಿರಲಿಲ್ಲ. ಅಬ್ಬಾನ ಡಬ್ಬಿಯಿಂದ ಗುಂಡುಪಿನ್ನು ತಂದು ಚುಚ್ಚುತ್ತಿದ್ದಳು. "ಫಾರಂ ರಿಜೆಕ್ಟ್ ಆದ್ರೆ ಫೋಟೋನಾದ್ರೂ ವಾಪಸ್ ಬರುತ್ತಲ್ಲ" ಎನ್ನುತ್ತಿದ್ದಳು. ರಿಜೆಕ್ಟ್ ಆಗುತ್ತಿದ್ದುದೇ ಅಪರೂಪ. ಒಂದಾದ ಮೇಲೊಂದು ವಿದ್ಯಾರ್ಥಿವೇತನ ಬರುತ್ತಿತ್ತು, ನಾನು ಹಲ್ಲು ಕಿರಿದು ಕಂಗ್ರಾಟ್ಸ್ ಹೇಳುತ್ತಿದ್ದೆ. ನನ್ನ ಮನಸ್ಸು ಇಷ್ಟು ಸಣ್ಣದೆಂದು ದಾವಣಗೆರೆಯಲ್ಲಿ ಯಾರೂ ಹೇಳಿರಲಿಲ್ಲ.

ಒಂದು ಟ್ರಸ್ಟಿನ ಜಾಹೀರಾತು ಕತ್ತರಿಸಿ ತಂದವಳೂ ಅವಳೇ. ಆದಾಯದ ಮಿತಿಯಿಲ್ಲ, ಕಾಲೇಜು ಬದಲಿಸಿದವರೂ ಅರ್ಜಿ ಹಾಕಬಹುದು, ಆದರೆ ಒಂದು ಕಾಲೇಜಿಗೆ ಒಬ್ಬರಿಗೇ.

"ನಿಂಗೇ ಹೇಳಿ ಮಾಡ್ಸಿದಂಗಿದೆ ಕಣೇ" ಎಂದಳು. ತಾನೂ ಒಂದು ತುಂಬಿದಳು.

ಕೊನೆಯ ದಿನ ಅವಳಿಗೆ ಜ್ವರ. ಎರಡೂ ಫಾರಂ ನಾನೇ ಇಂದಿರಾನಗರದ ಕಚೇರಿಯಲ್ಲಿ ಕೊಟ್ಟೆ. ಬೈಯಪ್ಪನಹಳ್ಳಿಯಲ್ಲಿ ಮೆಟ್ರೊ ಇಳಿದು, ಬಸ್ಸಿನ ಚಿಲ್ಲರೆಗೆಂದು ಚೀಲಕ್ಕೆ ಕೈಹಾಕಿದರೆ ಬೆರಳಿಗೆ ಪಿನ್ನು ಚುಚ್ಚಿತು. ಅವಳ ಫೋಟೋ ಕಳಚಿ ಚೀಲದ ತಳದಲ್ಲಿ ಬಿದ್ದಿತ್ತು. ಫೋಟೋ ಇಲ್ಲದ ಅರ್ಜಿ ಪರಿಗಣಿಸುವುದಿಲ್ಲ ಎಂದು ಫಾರಂ ಮೇಲೆಯೇ ಅಚ್ಚಾಗಿತ್ತು. ಕಚೇರಿ ಮುಚ್ಚಲು ಇನ್ನೂ ಒಂದು ಗಂಟೆ ಇತ್ತು, ಹಿಂದಿರುಗಲು ಎರಡೇ ಸ್ಟೇಷನ್ನು. ನಾನು ಬಸ್ಸು ಹತ್ತಿದೆ.

ಹಣ ನನಗೆ ಬಂತು, ಮೂರನೇ ವರ್ಷ ಓದಿದೆ. ಸುದ್ದಿ ಕೇಳಿದ ದಿನ ರೆಹಾನಾ ಬೇಕರಿಯಿಂದ ದಿಲ್‌ಪಸಂದ್ ಕಟ್ಟಿಸಿಕೊಂಡು ಬಂದಳು. "ಇಬ್ರಲ್ಲಿ ಒಬ್ರಿಗೆ ಬಂತಲ್ಲ, ಸಾಕು." ಅವಳ ಆ ದೊಡ್ಡ ಮನಸ್ಸಿನ ಮೇಲೂ ನನಗೆ ಹೊಟ್ಟೆ ಉರಿಯಿತು. ದಿಲ್‌ಪಸಂದ್ ಮಾತ್ರ ಬಿಡದೆ ತಿಂದೆ.

ಮೊನ್ನೆ ಆ ಫೋಟೋವನ್ನು ಮೊಬೈಲಿನಲ್ಲಿ ತೆಗೆದು ಅವಳಿಗೆ ಕಳಿಸಿದೆ. ಅವತ್ತೇ ಸಿಕ್ಕಿತ್ತು, ಬೇಕಂತಲೇ ವಾಪಸ್ ಹೋಗಲಿಲ್ಲ ಎಂದು ಕೆಳಗೆ ಬರೆದೆ. ಕೂಡಲೇ ಫೋನು ಬಂತು.

"ಗೊತ್ತು ಬಿಡೇ. ಮಾರನೇ ದಿನಾನೇ ಆ ಆಫೀಸಿಂದ ಫೋನ್ ಬಂದಿತ್ತು, ಫೋಟೋ ಇಲ್ಲ, ತಂದ್ಕೊಡಮ್ಮ ಅಂತ. ನಿನ್ ಚೀಲದಲ್ಲೇ ಬಿದ್ದಿರ್ಬೇಕು ಅನ್ಕೊಂಡೆ."

"ಮತ್ತೆ ಯಾಕೆ ಕೊಡ್ಲಿಲ್ಲ?"

"ನಂಗೆ ಬೇರೆ ಎರಡು ಬಂದಿತ್ತು. ನಿಂಗೆ ಅದೊಂದೇ ಇತ್ತಲ್ಲ."

"ಇಷ್ಟ್ ದಿನ ಒಂದ್ ಮಾತು ಕೇಳ್ಬಹುದಿತ್ತಲ್ಲೇ" ಎಂದೆ.

"ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ" ಎಂದಳು ರೆಹಾನಾ.

ಹೊಟ್ಟೆಕಿಚ್ಚು ಆರಿತು ಎಂದರೆ ಸುಳ್ಳಾಗುತ್ತದೆ. ಈ ಭಾನುವಾರ ಫೋಟೋ ಕೊಡಲು ಅವಳ ಮನೆಗೆ ಹೋಗುತ್ತಿದ್ದೇನೆ.